ಅತ್ತಿಗೆಯ ನಿಂಬೆ–ಚಹಾ ಸೆಂಟು

ಇವತ್ತು ಬೆಳಿಗ್ಗೆ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿರುವ ಹುಡುಗಿ ಬಾಗಿಲಲ್ಲೇ ನಿಂತು ಮೂಗು ಅರಳಿಸಿ, “ಮೇಡಂ, ಒಳಗೆ ಯಾರಾದ್ರೂ ಲೆಮನ್ ಟೀ ಚೆಲ್ಲಿದಾರಾ?” ಎಂದು ಕೇಳಿದಳು. ಯಾರೂ ಚೆಲ್ಲಿರಲಿಲ್ಲ. ನಾನು ಸೆಂಟು ಹಚ್ಚಿಕೊಂಡು ಬಂದಿದ್ದೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು ನೋಡಿ. ಚಳ್ಳಕೆರೆಯ ಈ ಲ್ಯಾಬಿನಲ್ಲಿ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಲೇ ಅರ್ಧ ಆಯುಸ್ಸು ಕಳೆದವಳು ನಾನು. ಮೈಗೆ ಸ್ಪಿರಿಟ್ಟಿನ ವಾಸನೆ ಬಿಟ್ಟರೆ ಬೇರೆ ವಾಸನೆ ಇರಬಹುದೆಂದು ನನಗೇ ಅನಿಸಿರಲಿಲ್ಲ. “ನಾನೇ ಕಣೇ” ಎಂದೆ. ಹುಡುಗಿ ಹತ್ತಿರ ಬಂದು ಇನ್ನೊಮ್ಮೆ ಮೂಸಿ, “ಚೆನ್ನಾಗೈತೆ ಮೇಡಂ. ಮೊದ್ಲು ನಿಂಬೆಹಣ್ಣು ಬರ್ತೈತೆ, ಅದ್ರ ಹಿಂದ್ಗಡೆ ಹೊಗೆ ಬರ್ತೈತೆ” ಎಂದಳು. ಅಷ್ಟು ಹೇಳಿ ಅವಳು ತನ್ನ ಕೆಲಸಕ್ಕೆ ಹೋದಳು. ನಾನು ಮಾತ್ರ ಬಹಳ ಹೊತ್ತು ಮನಸ್ಸಿನಲ್ಲೇ ಮೊಳಕಾಲ್ಮುರಿನಲ್ಲಿದ್ದೆ.

ಈ ಸೆಂಟಿನ ಸ್ವಭಾವವೇ ಹಾಗೆ. ಕೆಲವು ಸೆಂಟುಗಳು ಹಚ್ಚಿಕೊಂಡವರಿಗಿಂತ ಮೊದಲೇ ಬಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತವೆ. ಇದು ಅಂಥದ್ದಲ್ಲ. ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಲ್ಲಿ ಗೀರಿದರೆ ಸಣ್ಣಗೆ ಚಿಮ್ಮುತ್ತದಲ್ಲ, ಮೊದಲಿಗೆ ಅಷ್ಟೇ. ಅದು ಆರುತ್ತ ಬಂದಂತೆ ಸೌದೆ ಒಲೆಯ ಮೇಲೆ ಕುದಿದು ಹೊಗೆ ಹಿಡಿದ ಚಹಾ. ಸಂಜೆಯಾಗುವಷ್ಟರಲ್ಲಿ ಮಣಿಕಟ್ಟಿಗೆ ಮೂಗು ತಾಗಿಸಿದರೆ ಮಾತ್ರ ಸಿಗುವಷ್ಟು ಉಳಿದಿರುತ್ತದೆ. ನಮ್ಮ ಚಳ್ಳಕೆರೆಯಲ್ಲಿ ಇಂಥ ಮೆತ್ತಗಿನ ವಾಸನೆಯನ್ನು ಯಾರೂ ಕೇಳುವುದಿಲ್ಲ. ಇದು ಎಣ್ಣೆ ಮಿಲ್ಲುಗಳ ಊರು. ಶೇಂಗಾ ಹಿಂಡಿಯ ವಾಸನೆ ಒಗೆದು ಹಾಕಿದ ಬಟ್ಟೆಯೊಳಕ್ಕೂ ಹೋಗುತ್ತದೆ. ಹೊರಗಿನಿಂದ ಬಂದವರು ಮೊದಲ ವಾರ ಮೂಗು ಮುರಿಯುತ್ತಾರೆ, ಎರಡನೇ ವಾರ ಅವರ ಮೈಯಿಂದಲೂ ಅದೇ ವಾಸನೆ. ಮೊಳಕಾಲ್ಮುರಿನದು ಇನ್ನೊಂದು ಬಗೆ. ಅಲ್ಲಿ ರೇಷ್ಮೆ ಬೇಯಿಸಿ ಬಣ್ಣ ಹಾಕುವ ಮನೆಗಳ ಹಬೆ, ಬಂಡೆಗಲ್ಲಿನ ಬೆಟ್ಟಗಳು ಬಿಸಿಲಿಗೆ ಕಾದು ಸಂಜೆ ಬಿಡುವ ಒಣ ಕಾವು. ಆ ಊರು ನನ್ನ ತವರು. ನಮ್ಮಣ್ಣ ತಿಪ್ಪೇಸ್ವಾಮಿ, ಅವನ ಹೆಂಡತಿ ರತ್ನಮ್ಮ ಅಲ್ಲಿದ್ದಾರೆ. ಈ ಸೆಂಟನ್ನು ನಮ್ಮ ಮನೆತನಕ್ಕೆ ತಂದವಳು ರತ್ನಮ್ಮ ಅತ್ತಿಗೆ.

ತಂದವಳು ನಾನು, ಹಚ್ಚಿಕೊಂಡವಳು ಅವಳು ಎಂದರೆ ಹೆಚ್ಚು ಸರಿ. ಇರಲಿ, ಮೊದಲಿನಿಂದ ಹೇಳುತ್ತೇನೆ.

ಅತ್ತಿಗೆ ಪರಶುರಾಂಪುರದ ಕಡೆಯವಳು. ಈರುಳ್ಳಿ ಹೊಲದಲ್ಲಿ ಬೆಳೆದವಳಿಗೆ ಮಗ್ಗದ ಮನೆ ಏನೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಣ್ಣ ನೇಯುತ್ತಿದ್ದ ಸೀರೆಯ ಮುಂದೆ ನಿಂತು, “ಇಷ್ಟು ಸಣ್ಣ ದಾರ ಎಣಿಸ್ಕಂಡು ಕುಂತ್ರೆ ಕಣ್ಣು ಹೋಗಲ್ವೇನ್ರೀ?” ಎಂದಿದ್ದಳಂತೆ. ಆಮೇಲೆ ಆ ಮಾತನ್ನು ನೆನೆದು ಅವಳೇ ಎಷ್ಟೋ ಸಲ ಕೆನ್ನೆ ಬಡಿದುಕೊಂಡಳು. ಮಾತಿಗೂ ಆಮೇಲೆ ಆದದ್ದಕ್ಕೂ ಸಂಬಂಧವಿಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆಗ ನಾನು ಲ್ಯಾಬ್ ಕೋರ್ಸ್ ಓದುತ್ತಿದ್ದೆ, ಊರಿಗೆ ಹೋದರೆ ಬೆರಳು ಮಡಚಿ ರಕ್ತದ ಗುಂಪುಗಳ ಹೆಸರು ಹೇಳಿ ಎಲ್ಲರನ್ನೂ ಬೇಸರಪಡಿಸುತ್ತಿದ್ದೆ. ಅತ್ತಿಗೆ ಒಬ್ಬಳೇ ಪೂರ್ತಿ ಕೇಳಿಸಿಕೊಂಡು, “ನಂದು ಯಾವ್ ಗುಂಪವ್ವ? ನಿಮ್ಮಣ್ಣಂದೂ ನಂದೂ ಒಂದೇ ಗುಂಪು ಅಂತ ಬರ್ಕ, ಜಗಳ ಬ್ಯಾಡ” ಎನ್ನುತ್ತಿದ್ದಳು.

ಅಣ್ಣನ ಕಣ್ಣು ಒಂದೇ ದಿನ ಹೋಗಲಿಲ್ಲ. ಜರಿ ಅಂಚಿನಲ್ಲಿ ಎಳೆ ತಪ್ಪತೊಡಗಿತು. ಬಲ್ಬು ಮಂಕಾಗಿದೆ ಎಂದು ಬಲ್ಬು ಬದಲಾಯಿಸಿದರು. ಜರಿ ಸರಿಯಿಲ್ಲ ಎಂದು ಜರಿ ತಂದುಕೊಟ್ಟವನ ಮೇಲೆ ರೇಗಿದರು. ಕೊನೆಗೆ ಅಣ್ಣ ಬಾಗಿಲ ಚೌಕಟ್ಟಿಗೇ ಹಣೆ ಬಡಿದುಕೊಂಡ ದಿನ ಅತ್ತಿಗೆ ಅವನನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು. ಉಳಿದ ಚೂರು ಬೆಳಕೂ ಒಂದೆರಡು ವರ್ಷದಲ್ಲಿ ಆರಿತು. ಅಷ್ಟು ಹೊತ್ತಿಗೆ ಮಗಳನ್ನು ರಾಯದುರ್ಗಕ್ಕೆ ಮದುವೆ ಮಾಡಿ ಕಳಿಸಿದ್ದರು. ಮನೆಯಲ್ಲಿ ಇವರಿಬ್ಬರೇ. ಮಗ್ಗವನ್ನು ನಮ್ಮ ದಾಯಾದಿಯೊಬ್ಬನಿಗೆ ನೇಯುವುದಕ್ಕೆ ಬಿಟ್ಟುಕೊಟ್ಟರು. ಅವನು ಬೆಳಿಗ್ಗೆ ಬಂದು ಮಗ್ಗಕ್ಕೆ ಇಳಿದರೆ ಸಂಜೆವರೆಗೆ ಸದ್ದು. ಅಕ್ಕಪಕ್ಕದ ಮನೆಗಳಲ್ಲೂ ಅದೇ ಸದ್ದು. ಆ ಬೀದಿಯಲ್ಲಿ ಹುಟ್ಟಿದವರಿಗೆ ಅದು ಕೇಳಿಸುವುದೇ ಇಲ್ಲ. ಕಣ್ಣು ಹೋದ ಮೇಲೆ ನಮ್ಮಣ್ಣನಿಗೆ ಮಾತ್ರ ಅದು ಕೇಳಿಸತೊಡಗಿತು.

ಕಣ್ಣಿಲ್ಲದವರಿಗೆ ಕಿವಿ ಚುರುಕು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಮಗ್ಗದ ಸದ್ದಿನೊಳಗೆ ಕೂತವನಿಗೆ ಕಿವಿ ಇದ್ದು ಏನು ಬಂತು? ಯಾರು ಬಂದರು, ಯಾರು ಹೋದರು, ಪಕ್ಕದಲ್ಲಿ ನಿಂತವರು ಎಷ್ಟು ಹೊತ್ತಿನಿಂದ ನಿಂತಿದ್ದಾರೆ, ಒಂದೂ ತಿಳಿಯುತ್ತಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಯಾರಾದರೂ ಮುಟ್ಟಿದರೆ ಕೆಂಡ ಬಿದ್ದವನ ಹಾಗೆ ಬೆಚ್ಚಿಬೀಳುತ್ತಿದ್ದ. ಒಂದು ಮಧ್ಯಾಹ್ನ ಅತ್ತಿಗೆ ಚಹಾ ತಂದು ಭುಜ ಮುಟ್ಟಿದಳು. ಅವನು ಬೆಚ್ಚಿ ಮೊಣಕೈ ಬೀಸಿದ. ಬಿಸಿ ಚಹಾ ಪೂರ್ತಿ ಅವಳ ಕೈಮೇಲೆ ಚೆಲ್ಲಿತು. ನಾನು ಅಂದು ಅಲ್ಲೇ ಇದ್ದೆ. ಅತ್ತಿಗೆ ಹಲ್ಲು ಕಚ್ಚಿ ಕೂಗನ್ನು ನುಂಗಿಕೊಂಡಳು. ಆದರೂ ಅಣ್ಣನಿಗೆ ಗೊತ್ತಾಗಿಹೋಯಿತು.

“ಸುಟ್ಟೋಯ್ತಾ?” ಎಂದ.

“ಇಲ್ಲ ಬಿಡ್ರಿ, ಆರಿತ್ತು.”

“ಸುಳ್ಳು ಹೇಳ್ಬ್ಯಾಡ ರತ್ನ. ನಂಗೆ ಯಾರು ಬಂದ್ರು ಅಂತ ಗೊತ್ತಾಗಲ್ಲ ಕಣೆ. ಗೊತ್ತಿಲ್ದಿರೋ ಕೈ ಮೈಮೇಲೆ ಬಿದ್ರೆ ಜೀವ ಹಾರ್ತೈತೆ.” ಹಾಗೆಂದು ಮುಖ ಮುಚ್ಚಿಕೊಂಡು ಅತ್ತ. ನಮ್ಮಣ್ಣ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಸತ್ತಾಗಲೂ ಅವನು ಅತ್ತಿರಲಿಲ್ಲ.

ಅದಾದ ಮೇಲೆ ಅವನು ಹೊರಗೆ ಬರುವುದನ್ನೇ ಬಿಟ್ಟ. ಹಿಂದಿನ ಸಣ್ಣ ಕೋಣೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದ. ಊಟವನ್ನು ಬಾಗಿಲ ಹತ್ತಿರ ಇಡು, ಮುಟ್ಟಬೇಡ ಎನ್ನುತ್ತಿದ್ದ. ಅತ್ತಿಗೆ ನನಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: “ನಿಮ್ಮಣ್ಣ ಮನೇಲೇ ಅವ್ರೆ, ಆದ್ರೆ ಇಲ್ಲ ಕಣವ್ವ.”

ಹೀಗಿರುವಾಗ ಒಂದು ಬೆಳಿಗ್ಗೆ ಗ್ಯಾಸು ಮುಗಿದಿತ್ತು. ಅತ್ತಿಗೆ ಹಿತ್ತಿಲ ಒಲೆಗೆ ಬಳ್ಳಾರಿ ಜಾಲಿ ಸೌದೆ ಹಾಕಿ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದಳು. ಅದೇ ಉರಿಯಲ್ಲಿ ಚಹಾ ಕಾಸಿದಳು. ತಟ್ಟೆ, ಲೋಟ ಹಿಡಿದು ಬಾಗಿಲು ಸರಿಸಿದಳೋ ಇಲ್ಲವೋ, ಒಳಗಿನಿಂದ ಅಣ್ಣ, “ಬಾ ರತ್ನ” ಎಂದ. ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು.

“ನಾನು ಅಂತ ಹೆಂಗ್ ಗೊತ್ತಾಯ್ತು?”

“ನಿಂಬೆಹಣ್ಣು ಬಂತು, ಹೊಗೆ ಟೀ ಬಂತು. ಈ ಮನೇಲಿ ಅದು ಇನ್ಯಾರು?”

ನಮ್ಮ ಅತ್ತಿಗೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಅವಳು ಮಾರನೇ ದಿನ ಮಾಡಿದ ಕೆಲಸದಿಂದ. ಗ್ಯಾಸು ಬಂತು, ಅವಳು ಅದನ್ನು ಹಚ್ಚಲಿಲ್ಲ. ಹಿತ್ತಿಲಲ್ಲೇ ಸೌದೆ ಒಲೆ ಹಚ್ಚಿ ಚಹಾ ಕಾಸಿದಳು. ಅಂದು ನಿಂಬೆಹಣ್ಣಿನ ಅಡುಗೆ ಇರಲಿಲ್ಲ. ಒಂದು ಹಣ್ಣು ಕೊಯ್ದು ಅದರ ಸಿಪ್ಪೆಯನ್ನು ಮಣಿಕಟ್ಟಿಗೆ, ಕುತ್ತಿಗೆಗೆ ತಿಕ್ಕಿಕೊಂಡು ಒಳಗೆ ಹೋದಳು. ಮತ್ತೆ ಮಧ್ಯಾಹ್ನ, ಮತ್ತೆ ಸಂಜೆ. ಹೋಗುವ ಮುನ್ನ ಒಲೆಯ ಮುಂದೆ ಕೂತು ಸೆರಗಿಗೆ, ಕೂದಲಿಗೆ ಹೊಗೆ ಹಿಡಿಸಿಕೊಳ್ಳುತ್ತಿದ್ದಳು, ಬಾಣಂತಿಯರು ಸಾಂಬ್ರಾಣಿ ಹಿಡಿಸಿಕೊಳ್ಳುತ್ತಾರಲ್ಲ, ಹಾಗೆ. ಅಣ್ಣ ಬೆಚ್ಚುವುದು ನಿಂತಿತು. ಕೋಣೆಯ ಬಾಗಿಲು ತೆರೆದುಕೊಂಡಿತು. ಆಮೇಲಾಮೇಲೆ ಅವಳ ಹಿಂದೆ ಹಿಂದೆಯೇ ಪಡಸಾಲೆಗೆ ಬಂದ. ಹಳೆಯ ರಾಟೆಯ ಮುಂದೆ ಕೂತು ನೂಲು ಸುತ್ತುವುದಕ್ಕೂ ಶುರುಮಾಡಿದ. ನಾನು ಊರಿಗೆ ಹೋದಾಗ ಅವನು ರಾಟೆ ನಿಲ್ಲಿಸಿ, “ಏನೇ, ಇಂಜೆಕ್ಷನ್ ವಾಸ್ನೆ ಬಂತು, ಯಾವಾಗ ಬಂದೆ?” ಎಂದ. ಅತ್ತಿಗೆ ನಿಂಬೆ, ನಾನು ಇಂಜೆಕ್ಷನ್. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗಿದ್ದು ನಿಜ.

ಆದರೆ ಹೊಗೆ ಸುಮ್ಮನೆ ಬಿಡುತ್ತದೆಯೇ? ವರ್ಷ ತುಂಬುವಷ್ಟರಲ್ಲಿ ಅತ್ತಿಗೆಗೆ ಕೆಮ್ಮು ಹತ್ತಿತು. ಮಾತಾಡುವಾಗ ಎದೆಯಲ್ಲಿ ಸುಂಯ್ ಎನ್ನುತ್ತಿತ್ತು. ನಿಂಬೆ ಸಿಪ್ಪೆ ತಿಕ್ಕಿ ತಿಕ್ಕಿ, ನಮ್ಮ ಕಡೆಯ ಒಣಗಾಳಿಯೂ ಸೇರಿ, ಮಣಿಕಟ್ಟಿನ ಚರ್ಮ ಬಿರಿದಿತ್ತು. ನಾನು ಅವಳನ್ನು ಚಳ್ಳಕೆರೆಗೆ ಕರೆಸಿ ಡಾಕ್ಟರಿಗೆ ತೋರಿಸಿದೆ. ಒಲೆಯ ಹೊಗೆ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಮುಂದೆ ಉಸಿರಿಗೇ ಕಷ್ಟ ಎಂದರು ಅವರು. ಅತ್ತಿಗೆ ಒಳ್ಳೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಊರಿಗೆ ಹೋಗಿ ಒಲೆ ಹಚ್ಚಿದಳು. ಮುಂದಿನ ಭಾನುವಾರ ಹೋದ ನಾನು ಅದನ್ನು ನೋಡಿ ಕೂಗಾಡಿದೆ.

“ಗ್ಯಾಸ್ ಇಟ್ಕಂಡು ಇದೇನತ್ಗೆ?”

“ಗ್ಯಾಸಿಗೆ ವಾಸ್ನೆ ಇರಲ್ಲವ್ವ.”

“ಉಸ್ರೇ ನಿಂತ್ರೆ ವಾಸ್ನೆ ಇಟ್ಕಂಡು ಏನ್ ಮಾಡ್ತೀಯ?”

“ಮೆಲ್ಲಗ್ ಮಾತಾಡು, ಅವ್ರಿಗೆ ಕೇಳ್ತೈತೆ.” ಅತ್ತಿಗೆ ಊದುಗೊಳವೆ ಕೆಳಗಿಟ್ಟು ನನ್ನನ್ನು ನೋಡಿದಳು. “ಮತ್ತೆ ಆ ಕ್ವಾಣೆ ಸೇರ್ಕಂಡ್ರೆ ಈ ಸಲ ಹೊರಕ್ಕೆ ಬರಲ್ಲ ಕಣವ್ವ. ನಂಗೊತ್ತು. ನನ್ ಉಸ್ರು ಹೆಂಗೋ ನಡೀತೈತೆ.”

ವಾದದಲ್ಲಿ ಅವಳನ್ನು ಗೆಲ್ಲಲಾಗದೆ ನಾನು ಬಸ್ಸು ಹತ್ತಿದೆ. ತಳಕು ಊರು ದಾಟುವಾಗ ನನಗೆ ಹೊಳೆಯಿತು: ಬೇಕಾಗಿರುವುದು ವಾಸನೆ ತಾನೇ, ಹೊಗೆ ಅಲ್ಲವಲ್ಲ!

ಸೆಂಟು ಹುಡುಕಿಕೊಂಡು ನಾನು ಅಲೆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಸೆಂಟಿನ ವಿಷಯದಲ್ಲಿ ನಾನು ಶುದ್ಧ ಹೆಡ್ಡಿ. ಮೊದಲು ಮಾರ್ಕೆಟ್ಟಿನ ಅತ್ತರಿನ ಅಂಗಡಿಗೆ ಹೋದೆ. ಬಿಳಿ ಗಡ್ಡದ ಸಾಹೇಬರು ಒಂದೊಂದೇ ಶೀಶೆಯ ಬಿರಡೆ ತೆಗೆದು ನನ್ನ ಕೈಮೇಲೆ ಗೆರೆ ಎಳೆದರು. ಗುಲಾಬಿ, ಮಲ್ಲಿಗೆ, ಲಾವಂಚ. “ಇವ್ಯಾವೂ ಅಲ್ಲ ಸಾಬ್ರೆ, ನಿಂಬೆಹಣ್ಣಿನ ಸಿಪ್ಪೆ ಜೊತೆಗೆ ಸೌದೆ ಒಲೆ ಚಹಾ ಬೇಕು” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಮರ್ಯಾದೆಯಿಂದ ನೋಡಿ, “ಅಮ್ಮಾ, ಅತ್ತರ್ ನನ್ನತ್ರ ಐತೆ. ಚಾಯ್ ಬೇಕಂದ್ರೆ ಎದುರ್ಗಡೆ ಹೋಟ್ಲು” ಎಂದರು. ಅಲ್ಲಿಂದ ಫ್ಯಾನ್ಸಿ ಸ್ಟೋರುಗಳಿಗೆ ಹೋದೆ. ಒಂದು ಕಡೆ ನಿಂಬೆಯ ವಾಸನೆ ಇತ್ತು, ಅದು ಪಾತ್ರೆ ತೊಳೆಯುವ ಸೋಪಿನ ನಿಂಬೆ. ಇನ್ನೊಂದು ಕಡೆ ಹೊಗೆ ಇತ್ತು, ಅದು ಊದಿನಕಡ್ಡಿಯ ಹೊಗೆ. ಅಷ್ಟೂ ಸೆಂಟುಗಳನ್ನು ಎರಡೂ ಕೈಗೆ ಹಚ್ಚಿಸಿಕೊಂಡು ಲ್ಯಾಬಿಗೆ ಬಂದರೆ ಉಪವಾಸವಿದ್ದು ರಕ್ತ ಕೊಡಲು ಬಂದಿದ್ದ ಅಜ್ಜಿಯೊಬ್ಬಳು ತಲೆತಿರುಗುತ್ತದೆಂದು ಎದ್ದು ಹೊರಗೆ ಹೋಗಿ ಕೂತಳು.

ಆಗ ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗಿಗೆ ನನ್ನ ಅವಸ್ಥೆ ನೋಡಿ ಕನಿಕರವಾಗಿರಬೇಕು. ತನ್ನ ಫೋನಿನಲ್ಲಿ ಹುಡುಕಿ, “ಮೇಡಂ, ಇಲ್ಲೊಂದೈತೆ. ನಿಂಬೆ ಜಾತಿ ಹಣ್ಣು, ಹೊಗೆ ಕೊಟ್ಟ ಚಹಾ ಎಲೆ, ತುಂಬ ತೆಳುವಾದ ವಾಸನೆ ಅಂತ ಬರ್ದಿದಾರೆ” ಎಂದಳು. ತರಿಸಿದೆವು. ಬಿರಡೆ ತೆಗೆದಾಗ ನಮ್ಮ ಹಿತ್ತಿಲೇ ಶೀಶೆಯೊಳಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಹಿತ್ತಿಲು ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದ ಹಾಗಿತ್ತು.

ಭಾನುವಾರ ಮೊಳಕಾಲ್ಮುರಿಗೆ ಹೋದೆ. ಅತ್ತಿಗೆ ಸೆಂಟನ್ನು ಮೂಸಿ, “ಇದು ದೊಡ್ಡೋರ ಮನೆ ವಾಸ್ನೆ ಕಣವ್ವ, ನಂಗೆ ಹೊಂದಲ್ಲ” ಎಂದಳು. ಬಲವಂತ ಮಾಡಿ ಮಣಿಕಟ್ಟಿಗೆ, ಕುತ್ತಿಗೆಗೆ ಹಚ್ಚಿದೆ. ಗ್ಯಾಸಿನ ಮೇಲೆ ಚಹಾ ಕಾಸಿದಳು. ಲೋಟ ಹಿಡಿದು ಪಡಸಾಲೆಗೆ ಹೊರಟಳು. ನಾನು ಹಿಂದೆ. ದಾಯಾದಿಯ ಮಗ್ಗ ಸದ್ದು ಮಾಡುತ್ತಿತ್ತು. ರಾಟೆಯ ಮುಂದೆ ಕೂತಿದ್ದ ಅಣ್ಣ ತಲೆಯೆತ್ತಿದ. ಮೂಗು ಅಲ್ಲಾಡಿತು. ತಟ್ಟನೆ ಪಂಚೆ ಸರಿಮಾಡಿಕೊಂಡು ಎದ್ದು ನಿಂತ. ಎರಡೂ ಕೈ ಜೋಡಿಸಿದ.

“ಯಾರ್ರಿ? ಬನ್ರಿ, ಕುಂತ್ಕಳ್ರಿ. ಲೇ ರತ್ನ, ಯಾರೋ ದೊಡ್ಡೋರು ಬಂದವ್ರೆ ನೋಡು, ಚಾಪೆ ಹಾಕು.”

ಇಷ್ಟು ದಿನದ ಅಲೆದಾಟವೆಲ್ಲ ನೀರಾಯಿತಲ್ಲ ಎಂದುಕೊಂಡೆ. ಅತ್ತಿಗೆಯ ಮುಖವೂ ಒಂದು ಗಳಿಗೆ ಬಿಳಿಚಿತು. ಆಮೇಲೆ ಏನನ್ನಿಸಿತೋ, ಸೆರಗು ಹೊದ್ದು, ಗಂಟಲು ಸರಿಮಾಡಿಕೊಂಡು, ನಮ್ಮ ಬೀದಿಯ ತೆಲುಗು ಸಾಹುಕಾರ್ತಿಯರ ದನಿಯಲ್ಲಿ, “ಪರವಾಲೇದು, ಪರವಾಲೇದು. ಚಾಪೆ ಬ್ಯಾಡ್ರಿ. ಟೀ ಮಾತ್ರ ನಾವೇ ತಂದೀವಿ” ಎಂದಳು.

ಅಣ್ಣ ಕೈಮುಗಿದುಕೊಂಡೇ ನಿಂತಿದ್ದ. ಮೆಲ್ಲಗೆ ಅವನ ತುಟಿ ಓರೆಯಾಯಿತು. “ಲೇ... ನೀನೇನೇ?” ಎಂದ. ಅತ್ತಿಗೆ ಕಿಸಕ್ಕೆಂದಳು. ಅಣ್ಣ ನಗತೊಡಗಿದ. ಹೆಂಡತಿಗೆ ಕೈಮುಗಿದು ನಿಂತೆನಲ್ಲ ಎಂದು ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ನಕ್ಕ. ಮಗ್ಗದಲ್ಲಿದ್ದವನು ಸದ್ದು ನಿಲ್ಲಿಸಿ ನೋಡಿದ. ಕಣ್ಣು ಹೋದ ಮೇಲೆ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನಾನು ಹಿತ್ತಿಲಿಗೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಸಂಜೆಯ ಬಸ್ಸಿಗೆ ನಾನು ಹೊರಡುವಾಗ ಸೆಂಟಿನ ಹೊಸತನ ಇಳಿದು, ಅತ್ತಿಗೆಯ ಬೆವರು, ಅಡುಗೆ ಎಲ್ಲದರ ಜೊತೆ ಬೆರೆತಿತ್ತು. ಅಣ್ಣ ಅವಳ ಕೈ ಹಿಡಿದು ಮೂಸಿ, “ಈಗ ಸರಿಹೋಯ್ತು. ಈಗ ನೀನೇ” ಎಂದ. ಮರುವಾರದಿಂದ ಹಿತ್ತಿಲ ಒಲೆಯ ಮೇಲೆ ಅತ್ತಿಗೆ ತೊಗರಿ ಒಣಗಿಸಲು ಮೊರ ಇಟ್ಟಳು. ಕೆಮ್ಮು ಕಡಿಮೆಯಾಯಿತು.

ಇನ್ನು ಜನರ ಮಾತು. ಸಣ್ಣ ಊರಿನಲ್ಲಿ ಹೆಂಗಸೊಬ್ಬಳು ದಿನಾ ಸೆಂಟು ಹಚ್ಚಿಕೊಂಡರೆ ಅದು ಊರಿನ ವಿಷಯವಾಗುತ್ತದೆ. ನಲ್ಲಿಯ ಹತ್ತಿರ ಮಾತು, ಗಿರಣಿಯ ಹತ್ತಿರ ಮಾತು. ಎದುರು ಮನೆಯಾಕೆ, “ಏಮ್ಮಾ ರತ್ನಮ್ಮಾ, ರೋಜೂ ಪೆಳ್ಳಾ ಮೀ ಇಂಟ್ಲೋ? ದಿನಾ ಮದುವೆ ಮನೆಯೇನಮ್ಮ ನಿಂದು?” ಎಂದು ಕೇಳುತ್ತಿದ್ದಳಂತೆ. ಅದಕ್ಕೆಲ್ಲ ಅತ್ತಿಗೆ ನಗುತ್ತಿದ್ದಳು. ಆದರೆ ಒಂದು ಸಲ ಸಿದ್ದಾಪುರದ ನೆಂಟರ ಮನೆಯ ಗೃಹಪ್ರವೇಶಕ್ಕೆ ನಾವು ಮೂವರೂ ಹೋಗಿದ್ದೆವು. ಪಂಕ್ತಿಯಲ್ಲಿ ಕೂತಿದ್ದಾಗ ದೂರದ ಸಂಬಂಧದ ಹೆಂಗಸೊಬ್ಬಳು ಎಲ್ಲರಿಗೂ ಕೇಳುವ ಹಾಗೆ, “ಗಂಡಂಗೆ ಕಣ್ಣು ಕಾಣಲ್ಲ, ಇವ್ಳು ಯಾರಿಗೋಸ್ಕರ ಸೆಂಟು ಬಳ್ಕಂಡು ತಿರುಗ್ತಾಳೋ” ಎಂದಳು. ಅಣ್ಣನ ಕೈ ಎಲೆಯ ಮೇಲೆ ನಿಂತಿತು. ನಾನು ಜಗಳಕ್ಕೆ ಬಾಯಿ ತೆರೆದೆ. ನನಗಿಂತ ಮೊದಲು ಅತ್ತಿಗೆ, ಸಿಟ್ಟಿಲ್ಲದೆ, ಅನ್ನ ಕಲಸುತ್ತಲೇ ಹೇಳಿದಳು:

“ಕಣ್ಣು ಕಾಣಲ್ಲ ಅಂತಾನೇ ಹಚ್ಕಂಡಿರೋದು ಅಕ್ಕ. ನೀನು ಸೀರೆ ಉಟ್ಕಂಡು ನಿಮ್ಮ ಮನೆಯೋರ ಮುಂದೆ ನಿಂತ್ರೆ ಅವ್ರು ನೋಡ್ತಾರೆ. ನಾನು ನಿಂತ್ರೆ ಇವ್ರು ಹೆಂಗೆ ನೋಡ್ಬೇಕು? ಇದ್ರಾಗೇ ನೋಡ್ತಾರೆ.”

ಆಕೆ ತಲೆ ತಗ್ಗಿಸಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಬಡಿಸುವವರು ಪಾಯಸ ತಂದರು, ಮಾತು ಬೇರೆ ಕಡೆಗೆ ಹೋಯಿತು. ಊಟವಾದ ಮೇಲೆ ಕೈತೊಳೆಯುವ ನೂಕುನುಗ್ಗಲಿನಲ್ಲಿ ಅತ್ತಿಗೆ ಮುಂದೆ ನಡೆದಳು. ಅಣ್ಣ ಯಾರ ಕೈಯನ್ನೂ ಹಿಡಿಯದೆ ಒಂದು ಮಾರು ಹಿಂದೆ ಅವಳನ್ನು ಹಿಂಬಾಲಿಸಿದ. ಅವಳು ಬಲಕ್ಕೆ ತಿರುಗಿದರೆ ಬಲಕ್ಕೆ, ನಿಂತರೆ ನಿಂತ. ಅದನ್ನು ನೋಡಿದವರು ಆಮೇಲೆ ಸೆಂಟಿನ ಬಗ್ಗೆ ಮಾತಾಡಲಿಲ್ಲ.

ವರ್ಷಗಳು ಹೀಗೇ ಹೋದವು. ಶೀಶೆ ಮುಗಿಯುತ್ತ ಬಂದರೆ ನಾನು ಇನ್ನೊಂದು ತರಿಸಿ ಕಳಿಸುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ತರಿಸಲು ಹೋದರೆ ಆ ಸೆಂಟೇ ಇಲ್ಲ. ಅದನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ ಎಂದು ತಿಳಿಯಿತು. ಪರಿಚಯದವರಿಗೆಲ್ಲ ಹೇಳಿ ಊರೂರಲ್ಲಿ ಹುಡುಕಿಸಿದೆ. ಅಷ್ಟರಲ್ಲಿ ಅತ್ತಿಗೆಯ ಶೀಶೆ ಬರಿದಾಯಿತು. ಫೋನಿನಲ್ಲಿ ಅವಳ ದನಿ ಇಳಿದಿತ್ತು. “ಮತ್ತೆ ಒಲೆ ಹಚ್ತೀನಿ ಬಿಡವ್ವ” ಎಂದಳು. “ನಾನು ಬರೋವರ್ಗೂ ಹಚ್ಬ್ಯಾಡ” ಎಂದು ಮಾರನೇ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ನಾನು ಹೋದಾಗ ಅವಳು ಅಡುಗೆಮನೆಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಅಂದು ಅವಳ ಮೈಮೇಲೆ ಯಾವ ವಾಸನೆಯೂ ಇರಲಿಲ್ಲ. ಅಣ್ಣನ ಹತ್ತಿರ ಹೋಗಲು ಅವಳಿಗೆ ಧೈರ್ಯವಿಲ್ಲ. ಅವನು ಆಗ ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತಿದ್ದ. ಮಗ್ಗದ ಸದ್ದು ಎಂದಿನಂತೆ. “ನೀನು ಹಿಂದ್ಗಡೆ ಇರು. ಬೆಚ್ಚಿದ್ರೆ ಹಿಡ್ಕಣಣ” ಎಂದು ನನಗೆ ಹೇಳಿ, ಉಸಿರು ಬಿಗಿಹಿಡಿದು ಹೊಸಿಲು ದಾಟಿದಳು.

ಅಣ್ಣ ರಾಟೆಯಿಂದ ಕೈ ತೆಗೆಯದೆ, ತಿರುಗದೆ, “ಯಾಕೆ ರತ್ನ, ಇವತ್ತು ಹಚ್ಕಂಡಿಲ್ಲ?” ಎಂದ.

ಅತ್ತಿಗೆ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

“ನಾನು ಅಂತ ಹೆಂಗ್ ಗೊತ್ತಾಯ್ತು?” ಎಂದಳು.

“ಬಾಗ್ಲ ಹತ್ರ ಒಂದು ಕಲ್ಲು ಸಡ್ಲ ಐತಲ್ಲ, ಎಲ್ರೂ ಅದನ್ನ ತುಳ್ಕಂಡೇ ಬರ್ತಾರೆ. ನಂಗೆ ಕಾಲಡಿ ಅಲ್ಲಾಡ್ತೈತೆ. ನೀನೊಬ್ಳೇ ಅದನ್ನ ದಾಟ್ಕಂಡು ಬರೋದು. ಬಾಗ್ಲಲ್ಲಿ ಯಾರೋ ಅಡ್ಡ ಬಂದು ಗಾಳಿ ನಿಲ್ತೈತೆ, ಆದ್ರೆ ಕಲ್ಲು ಅಲ್ಲಾಡಲ್ಲ. ಅಂದ್ರೆ ನೀನು.”

“ಇದು ಯಾವಾಗಿಂದ ಗೊತ್ತು ನಿಮ್ಗೆ?”

“ಅಯ್ಯೋ, ಎಷ್ಟೋ ವರ್ಷ ಆಯ್ತು.”

“ಮತ್ತೆ ಹೇಳ್ಬಾರ್ದಾ ಮಾರಾಯ್ರೆ! ನಿಮ್ ತಂಗಿ ಊರೂರು ಸೆಂಟು ಹುಡುಕ್ತಾ ಅವ್ಳೆ!”

ಅಣ್ಣ ರಾಟೆ ನಿಲ್ಲಿಸಿದ. ಅವಳ ಕೈಯಿಂದ ಲೋಟ ತೆಗೆದುಕೊಂಡ. “ಹಚ್ಕಂಡ ದಿನ ನಿನ್ ದನಿ ಬೇರೆ ಇರ್ತೈತೆ ಕಣೆ” ಎಂದ. “ಹಾಡು ಬರೋ ಹಂಗಿರ್ತೈತೆ. ಹೇಳಿದ್ರೆ ನೀನು ಹಚ್ಕಳೋದೇ ಬಿಟ್ಬಿಡ್ತಿದ್ದೆ. ಅದ್ಕೇ ಹೇಳ್ಲಿಲ್ಲ.”

ಅತ್ತಿಗೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬಹಳ ಹೊತ್ತು ಕೂತೇ ಇದ್ದಳು. ನಾನು ಅಡುಗೆಮನೆಗೆ ಹೋಗಿ ನನಗೆ ನಾನೇ ಚಹಾ ಬಗ್ಗಿಸಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ದಾವಣಗೆರೆಯ ಅಂಗಡಿಯೊಂದರಲ್ಲಿ ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಶೀಶೆ ಸಿಕ್ಕಿತು. ಗೆದ್ದವಳ ಹಾಗೆ ಅತ್ತಿಗೆಗೆ ಫೋನ್ ಮಾಡಿದೆ. “ಅದನ್ನ ನೀನೇ ಹಚ್ಕಳವ್ವ” ಎಂದಳು. “ಎಷ್ಟ್ ದಿನ ಇಂಜೆಕ್ಷನ್ ವಾಸ್ನೇಲೇ ಇರ್ತೀಯ? ನಂಗೆ ಬೇರೆ ನೋಡಾಣ. ನಾನೇ ಬಂದು ಆರಿಸ್ಕಂತೀನಿ.” ಹೀಗೆ ನಾನು ಈ ವಯಸ್ಸಿನಲ್ಲಿ ಸೆಂಟಿನವಳಾದೆ. ಒಬ್ಬಳೇ ಇರುವ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಹಚ್ಚಿಕೊಳ್ಳುವಾಗ ಮೊದಮೊದಲು ಯಾರಿಗೋಸ್ಕರ ಎಂಬ ಪ್ರಶ್ನೆ ಬರುತ್ತಿತ್ತು. ಈಗೀಗ ಬರುವುದಿಲ್ಲ.

ಮೊನ್ನೆ ಭಾನುವಾರ ಇಬ್ಬರೂ ಚಳ್ಳಕೆರೆಗೆ ಬಂದರು. ಹೊಸದಾಗಿ ಆಗಿರುವ ದೊಡ್ಡ ಬಟ್ಟೆಯಂಗಡಿಯ ಕೆಳಮಹಡಿಯಲ್ಲಿ ಸೆಂಟಿನ ಗಾಜಿನ ಪೆಟ್ಟಿಗೆಗಳಿವೆ. ಅತ್ತಿಗೆ ಅವುಗಳ ಮುಂದೆ ನಿಂತು, ಅಂಗಡಿಯ ಹುಡುಗಿ ತೋರಿಸಿದ್ದನ್ನೆಲ್ಲ ಒಂದು ಮಣಿಕಟ್ಟಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಎಂದು ಹಾಕಿಸಿಕೊಂಡಳು. ಒಂದೊಂದನ್ನೂ ತಾನು ಮೂಸಿ, ಆಮೇಲೆ ಕೈಯನ್ನು ಅಣ್ಣನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸುತ್ತಿದ್ದ. ಸೀರೆ ಕೊಳ್ಳಲು ಬಂದವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

“ಅಣ್ಣಾ, ಜನ ನೋಡ್ತಾವ್ರೆ” ಎಂದು ಪಿಸುಗುಟ್ಟಿದೆ.

“ನೋಡ್ಲಿ ಬಿಡೆ, ನಂಗೇನು ಅವ್ರು ಕಾಣ್ತಾರಾ?” ಎಂದ.

ಅಂಗಡಿಯ ಹುಡುಗಿ ಅವರ ವಯಸ್ಸು ನೋಡಿ ತೆಳುವಾದ ವಾಸನೆಗಳನ್ನೇ ಮುಂದಿಡುತ್ತಿದ್ದಳು. ನಾನೂ, “ಇದು ನೋಡತ್ಗೆ, ನಿನ್ನ ಹಳೇದಕ್ಕೆ ಹತ್ರ ಐತೆ” ಎಂದು ಒಂದನ್ನು ತೋರಿಸಿದೆ. ಅತ್ತಿಗೆ ಅದನ್ನು ಪಕ್ಕಕ್ಕೆ ಸರಿಸಿ, ಮೇಲಿನ ಸಾಲಿನಲ್ಲಿದ್ದ ಕೆಂಪು ಶೀಶೆಯತ್ತ ಬೆರಳು ತೋರಿಸಿದಳು. ಬಿರಡೆ ತೆಗೆದದ್ದೇ ತಡ, ಕೇದಗೆಯ ವಾಸನೆ ಇಡೀ ಅಂಗಡಿಗೆ ನುಗ್ಗಿತು. ಒಂದು ಇಡೀ ಕೇದಗೆ ಹೂವನ್ನೇ ಮುಖಕ್ಕೆ ಹೊಡೆದ ಹಾಗೆ. ಅಣ್ಣ ಸೀನಿದ. ಮತ್ತೊಮ್ಮೆ ಸೀನಿದ. ಮೂಗು ತಿಕ್ಕಿಕೊಂಡು, “ಯಪ್ಪಾ, ಇದೇನೆ ಇದು!” ಎಂದ.

“ನಂಗೆ ಸಣ್ಣೋಳಿದ್ದಾಗಿಂದ ಇದೇ ಇಷ್ಟ” ಎಂದಳು ಅತ್ತಿಗೆ. “ಇದನ್ನೇ ಕೊಡಮ್ಮ.”

ಅಷ್ಟು ವರ್ಷ ಅವಳ ಕುತ್ತಿಗೆಗೆ, ಮಣಿಕಟ್ಟಿಗೆ ನಾನೇ ಸೆಂಟು ಆರಿಸಿದವಳು. ಅವಳಿಗೆ ಏನು ಇಷ್ಟ ಎಂದು ಒಂದು ಸಲವೂ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅಣ್ಣ ಸೀನುತ್ತಲೇ ನಗುತ್ತಿದ್ದ. ಅತ್ತಿಗೆ ಆ ಕೆಂಪು ಶೀಶೆಯಿಂದ ಅಲ್ಲಿಯೇ, ಎಲ್ಲರ ಮುಂದೆಯೇ, ಕೈತುಂಬ ಹಚ್ಚಿಕೊಂಡು ಹೊರಗಿನ ಬಿಸಿಲಿಗೆ ನಡೆದಳು.